ಕಳ್ಳಗಾಳಿ

ಮಗು ಹುಟ್ಟಿ ನಾಲ್ಕು ದಿನವಾಗಿತ್ತು. ಈ ನಾಲ್ಕು ದಿನದಲ್ಲಿ ಅದು ಒಂದು ಸಲವಾದರೂ ಹೊಟ್ಟೆ ತುಂಬ ಹಾಲು ಕುಡಿದಿದ್ದನ್ನು ಯಾರೂ ಕಂಡಿರಲಿಲ್ಲ. ಬಾಯಿ ಹಾಕುತ್ತಿತ್ತು, ಒಂದಿಷ್ಟು ಹೊತ್ತು ಒದ್ದಾಡುತ್ತಿತ್ತು, ಬಿಡುತ್ತಿತ್ತು, ಕಿರುಚುತ್ತಿತ್ತು. ಮೊದಲೆರಡು ದಿನ ಆ ಕಿರುಚಾಟ ಬೀದಿಯ ಆ ತುದಿಗೆ ಕೇಳುತ್ತಿತ್ತು. "ತಾತನ ಗಂಟಲೇ ಬಂದಿದೆ ಬಿಡಿ" ಅಂತ ನೆರೆಯವರು ನಕ್ಕಿದ್ದರು. ಮೂರನೆಯ ದಿನ ಅಳು ಸಣ್ಣದಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬೆಕ್ಕಿನ ಮರಿಯ ಹಾಗೆ ಕುಂಯ್ ಅಂದು ಸುಮ್ಮನಾಗುತ್ತಿತ್ತು. ನಗುತ್ತಿದ್ದವರೂ ಸುಮ್ಮನಾದರು.

ತಾತ ಅಂದರೆ ಕೆಂಡದ ಮೇಸ್ತ್ರಿ. ಕಾರು ರಿಪೇರಿ ಅವನ ಕಸುಬು. ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದೇ ಗೋಡೆ, ಆ ಗೋಡೆಗೆ ಒಂದು ಕಿಟಕಿ. ಬಾಣಂತಿ ಮಗಳು ಮಲಗಿದ್ದು ಆ ಕಿಟಕಿಯ ಪಕ್ಕದ ಮಂಚದ ಮೇಲೆ. ಅಳಿಯ ಲಾರಿ ಓಡಿಸುವವನು, ಮೂರು ದಿನದ ದಾರಿಯಲ್ಲಿ ಎಲ್ಲೋ ಇದ್ದ. ಮೇಸ್ತ್ರಿಯ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಂಡ ಅಂದರೆ ಸಾಕಿತ್ತು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಸ್ಪ್ಯಾನರ್ ಜಾರಿದರೆ ಸ್ಪ್ಯಾನರಿಗೆ ಬೈಯುತ್ತಿದ್ದ, ಬೋಲ್ಟು ತಿರುಗದಿದ್ದರೆ ಬೋಲ್ಟಿನ ಅಜ್ಜನಿಗೆ ಬೈಯುತ್ತಿದ್ದ. ಆದರೆ ಕಿವಿ ಮಾತ್ರ ದೇವರು ಪುರುಸೊತ್ತಿನಲ್ಲಿ ಮಾಡಿದ ಕಿವಿ. ಕಾರು ಬೀದಿಯ ತಿರುವಿನಲ್ಲಿ ಇರುವಾಗಲೇ ಅದರ ಕಾಯಿಲೆ ಹೇಳುತ್ತಿದ್ದ.

ಈ ನಾಲ್ಕು ದಿನ ಆ ಕೋಪವನ್ನು ಯಾರ ಮೇಲೆ ತೀರಿಸಬೇಕೋ ಅವನಿಗೆ ತಿಳಿಯಲಿಲ್ಲ. ಮಗಳಿಗೆ ಬೈಯುವ ಹಾಗಿಲ್ಲ, ಮಗುವಿಗೆ ಬೈಯುವ ಹಾಗಿಲ್ಲ. ಹೆಂಡತಿಗೆ ಬೈದರೆ ಬಡ್ಡಿ ಸಮೇತ ವಾಪಸು ಬರುತ್ತಿತ್ತು.

ಅವತ್ತು ಹತ್ತು ಗಂಟೆಗೆ ನರ್ಸಮ್ಮನ ಕಾರು ಬಂತು. ಕಾರಿಗಿಂತ ಮೊದಲು ಸದ್ದು ಬಂತು. ಎಂಜಿನ್ ಏರುತ್ತಿತ್ತು, ಇಳಿಯುತ್ತಿತ್ತು, ಇನ್ನೇನು ನಿಂತೇಹೋಯಿತು ಅನ್ನುವಾಗ ಮತ್ತೆ ಏರುತ್ತಿತ್ತು. ಮೆಟ್ಟಿಲು ಹತ್ತಿ ಬಂದ ಮುದುಕಿ ಏದುಸಿರು ಬಿಟ್ಟ ಹಾಗೆ. ಗೇಟು ದಾಟಿದ ಕಾರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ನೇರವಾಗಿ ಬಂದು ಹಳೆ ಟಯರಿನ ರಾಶಿಗೆ ಗುದ್ದಿ ನಿಂತಿತು.

"ಕಣ್ಣು ಎಲ್ಲಿಟ್ಟಿದೀರಾ!" ಮೇಸ್ತ್ರಿ ಗುಡುಗಿದ.

"ಕಣ್ಣು ಮುಂದೇನೇ ಇತ್ತು. ಬ್ರೇಕು ಇರಲಿಲ್ಲ." ನರ್ಸಮ್ಮ ಇಳಿದು ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮನೆ ಮನೆಗೆ ಹೋಗಿ ಬಾಣಂತಿಯರನ್ನೂ ಮಕ್ಕಳನ್ನೂ ನೋಡುವವಳು. "ಪೆಡಲು ಕಲ್ಲಾಗಿದೆ ಮೇಸ್ತ್ರಿ. ಎರಡು ಕಾಲಲ್ಲಿ ಒತ್ತಿದ್ರೂ ಇಳಿಯಲ್ಲ."

"ಹೋದ ತಿಂಗಳೇ ಬಾಯಿ ಬಡಕೊಂಡೆ, ಪೈಪು ಬದಲಾಯಿಸಿ ಅಂತ."

"ಹೋದ ತಿಂಗಳು ಹದಿನಾಲ್ಕು ಹೆರಿಗೆ ಇತ್ತು. ದಾರಿ ಬಿಡಿ."

ಒಳಗೆ ಹೋದವಳು ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಇಟ್ಟು ತಕ್ಕಡಿಗೆ ತೂಗುಹಾಕಿದಳು. ಹುಟ್ಟಿದಾಗ ಮೂರು ಕೇಜಿ ಇದ್ದದ್ದು ಈಗ ಎರಡು ಕೇಜಿ ಏಳುನೂರು. ಬಾಯೊಳಗೆ ಬೆರಳಿಟ್ಟು ನೋಡಿದಳು, ನಾಲಿಗೆ ಎತ್ತಿ ನೋಡಿದಳು, ಎಲ್ಲ ಸರಿಯಿತ್ತು. ಬಾಣಂತಿಯ ಎದೆ ನೋಡಿದಳು. ಹಾಲಿತ್ತು, ಆದರೆ ತೊಟ್ಟು ಒಡೆದು ಕೆಂಪಾಗಿತ್ತು. "ಏನಾದ್ರೂ ಹಚ್ಚಿದೀರಾ ಇದಕ್ಕೆ?" ಅಂತ ಮೇಸ್ತ್ರಿಯ ಹೆಂಡತಿಯನ್ನು ಕೇಳಿದಳು.

"ಅಯ್ಯೋ, ಏನೂ ಹಚ್ಚಿಲ್ಲಪ್ಪ," ಅಂದಳು ಹೆಂಡತಿ.

ನರ್ಸಮ್ಮ ಹೊರಗೆ ಬಂದಾಗ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

"ಸುತ್ತಿ ಬಳಸಿ ಹೇಳಲ್ಲ ಮೇಸ್ತ್ರಿ. ಹತ್ತರಲ್ಲಿ ಒಂದು ಪಾಲು ಕರಗಿಹೋಗಿದೆ. ಹಾಲು ಹಿಂಡಿ ಚಮಚದಲ್ಲಿ ಕೊಡೋದು ಹೇಳಿಕೊಟ್ಟಿದೀನಿ, ಕೊಡ್ತಾ ಇರಲಿ. ಮೂರು ಗಂಟೆವರೆಗೆ ನೋಡೋಣ. ಸರಿಯಾಗಿ ಕುಡೀದಿದ್ರೆ ದೊಡ್ಡಾಸ್ಪತ್ರೆಗೆ ಹೊರಡಲೇಬೇಕು."

"ಯಾವುದರಲ್ಲಿ?"

ಅದೇ ಪ್ರಶ್ನೆ. ಇದ್ದ ಒಂದು ಆಂಬುಲೆನ್ಸು ಬೆಳಿಗ್ಗೆಯೇ ಬೆಟ್ಟದ ಆಚೆ ಹೋಗಿತ್ತು. ಶೆಡ್ಡಿನಲ್ಲಿ ಮೂರು ಕಾರಿದ್ದವು, ಮೂರರ ಕರುಳೂ ನೆಲದ ಮೇಲಿತ್ತು. ಮೇಸ್ತ್ರಿಯ ಸ್ವಂತ ಕಾರು ಎರಡು ವರ್ಷದಿಂದ ನಾಲ್ಕು ಇಟ್ಟಿಗೆಯ ಮೇಲೆ ಕೂತಿತ್ತು. ಊರಿನ ಕಾರುಗಳನ್ನೆಲ್ಲ ಓಡಿಸುವವನ ಕಾರು ಓಡುವುದಿಲ್ಲ, ಇದು ಎಲ್ಲ ಕಡೆಯೂ ಇರುವ ಕತೆ.

"ಇದರಲ್ಲೇ," ನರ್ಸಮ್ಮ ತನ್ನ ಕಾರಿನ ಕಡೆ ಗಲ್ಲ ತೋರಿಸಿದಳು. "ದಾರಿಯಲ್ಲಿ ಬೆಟ್ಟ ಇಳೀಬೇಕು. ಬ್ರೇಕಿಲ್ಲದೆ ಇಳಿಸೋದು ನನಗೆ ಬರಲ್ಲ. ನಿಮಗೆ ಬರುತ್ತಾ?"

ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡ. ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ. ನರ್ಸಮ್ಮ ಪಕ್ಕದ ಬೀದಿಯ ಇನ್ನೊಬ್ಬ ಬಾಣಂತಿಯ ಮನೆಗೆ ನಡೆದೇ ಹೋದಳು.

ಎಂಜಿನ್ ಅಂದರೆ ಬೆಂಕಿ, ಪೆಟ್ರೋಲು, ಕಬ್ಬಿಣ ಅಂತ ಜನ ತಿಳಿದಿದ್ದಾರೆ. ಮೇಸ್ತ್ರಿಯನ್ನು ಕೇಳಿದರೆ ಅರ್ಧ ಎಂಜಿನ್ ಬರೀ ಉಸಿರು ಅನ್ನುತ್ತಿದ್ದ. ಪಿಸ್ಟನ್ ಕೆಳಗೆ ಇಳಿದಾಗಲೆಲ್ಲ ಮೇಲೆ ಜಾಗ ಖಾಲಿಯಾಗುತ್ತದೆ. ಆ ಖಾಲಿ ಗಾಳಿಯನ್ನು ಎಳೆಯುತ್ತದೆ. ಕಡ್ಡಿ ಗಾತ್ರದ, ಬೆರಳು ಗಾತ್ರದ ರಬ್ಬರ್ ಪೈಪುಗಳು ಆ ಎಳೆತವನ್ನು ಅಲ್ಲಿಗೆ ಇಲ್ಲಿಗೆ ಒಯ್ಯುತ್ತವೆ. ಇವಕ್ಕೆ ವ್ಯಾಕ್ಯೂಮ್ ಪೈಪು ಅನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ದಪ್ಪನೆಯದು ಬ್ರೇಕಿಗೆ ಹೋಗಿ, ಕಾಲಿನ ಬಲಕ್ಕೆ ನಾಲ್ಕಾಳಿನ ಬಲ ಸೇರಿಸುತ್ತದೆ. ಒಳಗೆ ಏನೂ ಇಲ್ಲ, ಬರೀ ಖಾಲಿ, ಆ ಖಾಲಿಯೇ ಬೆಟ್ಟದ ಇಳಿಜಾರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುತ್ತದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದರೂ ಇದನ್ನು ನೆನೆದಾಗ ಮೇಸ್ತ್ರಿಗೆ ಒಂದು ಗಳಿಗೆ ಮಾತು ನಿಲ್ಲುತ್ತಿತ್ತು. ಆಮೇಲೆ ಬೈಗುಳ ಶುರುವಾಗುತ್ತಿತ್ತು, ಅದು ಬೇರೆ ವಿಷಯ.

ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ ಸಾಕು, ಕರೆಯದ ಗಾಳಿ ಒಳಗೆ ನುಗ್ಗುತ್ತದೆ. ಅವನ ಗುರು ಅದನ್ನು ಕಳ್ಳಗಾಳಿ ಅನ್ನುತ್ತಿದ್ದ. ಕಳ್ಳಗಾಳಿ ಹೊಕ್ಕ ಎಂಜಿನ್ ಎಷ್ಟು ಎಳೆದರೂ ಹೊಟ್ಟೆ ತುಂಬದೆ ಏದುಸಿರು ಬಿಡುತ್ತದೆ. ಗುರು ಹೇಳಿಕೊಟ್ಟದ್ದು ಎರಡೇ ನಿಯಮ. ಒಂದು ಬಿಚ್ಚು, ಒಂದು ಹಾಕು, ಆಮೇಲೆ ಮುಂದಿನದಕ್ಕೆ ಕೈ ಹಾಕು. ಎರಡನೆಯದು, ಪೈಪು ಬಿಗಿಯಿದ್ದರೆ ತುದಿಗೆ ಎಂಜಲು ಹಚ್ಚು, ಎಣ್ಣೆ ಹಚ್ಚಬೇಡ. ಎಂಜಲು ಒಣಗುತ್ತದೆ, ರಬ್ಬರು ಕಚ್ಚಿ ಕೂರುತ್ತದೆ. ಎಣ್ಣೆ ಒಣಗುವುದೇ ಇಲ್ಲ. "ಎಣ್ಣೆ ಬೇಕಿದ್ರೆ ಅಡುಗೆ ಮನೆಗೆ ಹೋಗಿ ಸೇರ್ಕೋ" ಅಂತ ಗುರು ಬೈಯುತ್ತಿದ್ದ. ಬೈಗುಳವನ್ನೂ ಮೇಸ್ತ್ರಿ ಅವನಿಂದಲೇ ಕಲಿತದ್ದು.

ಮೊದಲ ಪೈಪು ಮುಟ್ಟಿದರೆ ಒಣಗಿದ ಬಳ್ಳಿಯ ಹಾಗೆ ಲಟಕ್ಕನೆ ಮುರಿಯಿತು. ಎರಡನೆಯದು ಬಾಗಿಸಿದರೆ ಮೈತುಂಬ ಬಿರುಕು ಬಾಯಿಬಿಟ್ಟವು. ಹಳೆಯದರ ಪಕ್ಕದಲ್ಲಿ ಹೊಸದನ್ನು ಇಟ್ಟು ಅಳೆದು, ಬ್ಲೇಡಿನಿಂದ ನೇರವಾಗಿ ಕೊಯ್ದು, ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ತಿರುವಿ ತಿರುವಿ ಕೂರಿಸಿ ಕ್ಲಿಪ್ಪು ಬಿಗಿದ. ರಬ್ಬರಿನ ಕಹಿ ನಾಲಿಗೆಗೆ ಅಂಟಿಕೊಂಡಿತು. ಕಿಟಕಿಯಿಂದ ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಬಾಯಿ ತೆಗೀ ಬಂಗಾರಿ, ತೆಗೀ ನನ್ನವ್ವ..." ಇದು ಹೆಂಡತಿ.

"ಅಮ್ಮ, ಉರೀತಿದೆ. ಆಗಲ್ಲ." ಇದು ಮಗಳು.

"ಆಗುತ್ತೆ ಕಣೇ. ನಾನು ನಿನ್ನ ಸಾಕಲಿಲ್ವಾ?"

ಐದು ಪೈಪು ಮುಗಿಯುವಾಗ ಎರಡೂವರೆಯಾಗಿತ್ತು. ಹೆಂಡತಿ ಹೊರಗೆ ಬಂದಳು. "ಇನ್ನೂ ಎಷ್ಟು ಹೊತ್ತು ರೀ?"

"ನಿನ್ನ ನಾಲಿಗೆಯಷ್ಟು ಉದ್ದದ ಪೈಪಿದ್ದಿದ್ರೆ ಒಂದೇ ತುಂಡಲ್ಲಿ ಎಲ್ಲ ಮುಗೀತಿತ್ತು."

"ನಿಮ್ಮ ಮೂಗಿನ ತುದಿ ತಾಗಿದ್ರೆ ಅದೂ ಕರಗಿಹೋಗ್ತಿತ್ತು. ಬೇಗ ಮುಗಿಸ್ರೀ, ಮಗು ಕಣ್ಣೇ ಬಿಡ್ತಾ ಇಲ್ಲ." ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಓಡಿದಳು.

ಉಳಿದದ್ದು ಆರನೆಯದು, ಬ್ರೇಕಿನ ದಪ್ಪ ಪೈಪು. ಅದು ಕೂರುವ ಕೊಳವೆ ಎಂಜಿನ್ನಿನ ಬೆನ್ನ ಹಿಂದೆ, ಒಂದು ಕೈ ಹೋಗುವ ಸಂದಿಯಲ್ಲಿ. ಹೊಸ ಪೈಪು ಗಟ್ಟಿ, ಬೆರಳು ಮರಗಟ್ಟಿದ್ದವು. ಎಂಜಲು ಹಚ್ಚಿ ಒತ್ತಿದ, ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ, ಗೆಣ್ಣಿನ ಚರ್ಮ ಕಿತ್ತುಬಂತು. ಪೈಪಿನ ವಂಶವನ್ನೆಲ್ಲ ಜಾಲಾಡಿದ. ಅಷ್ಟರಲ್ಲಿ ಒಳಗೆ ಕುಂಯ್ ಅನ್ನುತ್ತಿದ್ದ ಅಳು ಅರ್ಧಕ್ಕೇ ನಿಂತಿತು.

ಇನ್ನು ಕಾಯಲು ಹೊತ್ತಿಲ್ಲ ಅನ್ನಿಸಿತು ಅವನಿಗೆ. ಕೈಯಳತೆಯಲ್ಲಿ ಎಣ್ಣೆಯ ಡಬ್ಬಿಯಿತ್ತು. ಪೈಪಿನ ತುದಿಯನ್ನು ಅದರೊಳಗೆ ಅದ್ದಿ ತೆಗೆದು ಒತ್ತಿದ. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಸುಯ್ಯನೆ ಕೂತಿತು. ಕ್ಲಿಪ್ಪು ಬಿಗಿದು, ಕಾರಿನ ಬಾಗಿಲು ಎಳೆದು ಕೂತು, ಕೀಲಿ ತಿರುಗಿಸಿದ.

ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಏರಿಳಿತವಿಲ್ಲ, ಒಂದೇ ಸಮ. ಬ್ರೇಕು ಒತ್ತಿದರೆ ಕಾಲಿನ ಕೆಳಗೆ ಮೆತ್ತಗೆ ಇಳಿಯಿತು. ಸರಿ, ಹೊರಡಬಹುದು ಅಂದುಕೊಂಡು ಇಳಿದು ಬಾನೆಟ್ ಮುಚ್ಚಲು ಕೈಯೆತ್ತಿದ. ಆಗ ಕೇಳಿತು.

ಚಿಟ್. ಚಿಟ್. ಚಿಟ್.

ಬಗ್ಗಿ ನೋಡಿದ. ಎಂಜಿನ್ ಅದುರಿದಾಗಲೆಲ್ಲ ಎಣ್ಣೆ ಕುಡಿದ ಪೈಪು ಕ್ಲಿಪ್ಪಿನೊಳಗೇ ಜಾರಿ, ಅದರ ಒಂದು ಅಂಚು ಏಳುತ್ತಿತ್ತು, ಎಳೆತಕ್ಕೆ ಮತ್ತೆ ಅಂಟುತ್ತಿತ್ತು. ಎದ್ದಾಗಲೆಲ್ಲ ಒಂದು ಚೂರು ಕಳ್ಳಗಾಳಿ ಒಳಗೆ ಹೋಗುತ್ತಿತ್ತು. ಬೆಟ್ಟದ ನಡುವೆ ಇದು ಪೂರ್ತಿ ಕಳಚಿದರೆ? ಮಗಳು, ಮಗು, ಇಳಿಜಾರು. ಮೇಸ್ತ್ರಿ ಕಾರಿನೊಳಗೆ ಕೈ ಹಾಕಿದ. ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದ.

ಶೆಡ್ಡು ನಿಶ್ಶಬ್ದವಾಯಿತು.

ಚಿಟ್. ಚಿಟ್. ಚಿಟ್.

ಮೇಸ್ತ್ರಿ ಕೀಲಿ ನೋಡಿದ. ಕೀಲಿ ಅವನ ಕೈಯಲ್ಲೇ ಇತ್ತು. ಎಂಜಿನ್ನಿಗೆ ಕಿವಿ ಹಚ್ಚಿದ. ಕಬ್ಬಿಣ ಬಿಸಿಯಾಗಿತ್ತು, ಸತ್ತ ಹಾಗೆ ಸುಮ್ಮನಿತ್ತು. ನಿಂತ ಎಂಜಿನ್ ಗಾಳಿ ಎಳೆಯುವುದಿಲ್ಲ. ಆದರೂ ಅದೇ ಸದ್ದು, ಅದೇ ಲಯ, ಅಂಚು ಎದ್ದು ಅಂಟುವ, ಎದ್ದು ಅಂಟುವ ಸದ್ದು. ಮೆಲ್ಲಗೆ ತಲೆ ಎತ್ತಿದ. ಸದ್ದು ಬರುತ್ತಿದ್ದುದು ಕಿಟಕಿಯಿಂದ.

ಎರಡೇ ಹೆಜ್ಜೆಗೆ ಬಾಗಿಲಲ್ಲಿದ್ದ. ಹೆಂಡತಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. "ಎಲ್ಲಿಗೆ ನುಗ್ತೀರಾ? ಮಗು ಎದ್ದಿದೆ, ಹಾಲು ಕುಡಿಸ್ತಾ ಇದಾಳೆ."

"ಕುಡೀತಾ ಇಲ್ಲ ಕಣೇ! ಗಾಳಿ ಎಳೀತಾ ಇದೆ!"

"ಕಾರಿನ ಹುಚ್ಚು ನೆತ್ತಿಗೇರಿದೆ ನಿಮಗೆ. ಮಗು ಅಂದ್ರೆ ಎಂಜಿನ್ನಾ?"

"ಚಿಟ್ ಚಿಟ್ ಅನ್ನೋದು ಕೇಳಿಸ್ತಾ ಇಲ್ವಾ? ನಾಲ್ಕು ದಿನದಿಂದ ಪಕ್ಕದಲ್ಲೇ ಕೂತಿದೀಯಲ್ಲ, ಕಿವಿಗೇನು ಹತ್ತಿ ತುರುಕಿದೀಯಾ?"

"ಮಗು ಹಾಲು ಕುಡಿದ್ರೆ ಸದ್ದು ಬರಲ್ವಾ? ಬಾಯಿ ಚಪ್ಪರಿಸ್ತಿದೆ ಅಂತ ನಾನು ಖುಷಿಪಟ್ಟಿದ್ದೆ!"

ಗಲಾಟೆ ಗೇಟಿನವರೆಗೆ ಹೋಗಿತ್ತು. ವಾಪಸು ಬಂದಿದ್ದ ನರ್ಸಮ್ಮ ಅಲ್ಲಿ ನಿಂತು ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಕೇಳುತ್ತಿದ್ದವಳು, ಫೋನ್ ಹಿಡಿದೇ ಓಡಿಬಂದಳು. "ಏನಾಯ್ತು?"

"ನರ್ಸಮ್ಮ, ಒಂದು ನಿಮಿಷ ಕೇಳಿ. ಬೈಬೇಡಿ," ಅಂದ ಮೇಸ್ತ್ರಿ. ಬೈಬೇಡಿ ಅನ್ನುವ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. "ಎಲ್ಲೋ ಅಂಚು ಕೂತಿಲ್ಲ. ಎಳೆಯೋದು ಎಳೀತಾ ಇದೆ, ಆದ್ರೆ ಜಾರ್ತಾ ಇದೆ. ಜಾರಿದಾಗೆಲ್ಲ ಗಾಳಿ ಒಳಗೆ ಹೋಗ್ತಾ ಇದೆ. ಏನೋ ಹಚ್ಚಿದಾರೆ ಅದಕ್ಕೆ."

ನರ್ಸಮ್ಮ ನಗಲಿಲ್ಲ. ತಲೆ ವಾರೆ ಮಾಡಿ ಕೇಳಿದಳು. ಚಿಟ್. ಚಿಟ್. ಅವಳ ಹುಬ್ಬು ಮೇಲಕ್ಕೆ ಹೋಯಿತು. "ಬೆಳಿಗ್ಗೆ ನಾನಿದ್ದಾಗ ಇದು ಬಾಯಿ ಹಾಕೋಕೇ ಒಪ್ಪಿರಲಿಲ್ಲ. ಆದ್ರೆ ಏನೂ ಹಚ್ಚಿಲ್ಲ ಅಂದ್ರಲ್ಲ."

"ಹಚ್ಚಿಲ್ಲ," ಅಂದಳು ಹೆಂಡತಿ.

ಒಳಗಿನಿಂದ ಮಗಳ ಸಣ್ಣ ದನಿ ಬಂತು. "ಅಮ್ಮ, ಎಣ್ಣೆ ಹಚ್ತೀಯಲ್ಲ. ಪ್ರತಿ ಸಲ, ಕುಡಿಸೋ ಮುಂಚೆ."

"ಎಣ್ಣೆ ಅಂದ್ರೆ ಹಚ್ಚೋದಾ? ಔಷಧಿ ಹಚ್ಚಿದೀರಾ ಅಂತ ಕೇಳಿದ್ರು ಅಂದ್ಕೊಂಡೆ. ಎಣ್ಣೆ ಬರೀ ಎಣ್ಣೆ!" ಹೆಂಡತಿ ಒಬ್ಬೊಬ್ಬರ ಮುಖವನ್ನೇ ನೋಡಿದಳು. "ಒಡೆದು ರಕ್ತ ಬರ್ತಿತ್ತು. ಮೆತ್ತಗಾಗ್ಲಿ, ಮಗೂಗೆ ಸುಲಭವಾಗ್ಲಿ ಅಂತ..." ತಾನೇನು ಮಾಡಿದೆ ಅಂತ ಅವಳಿಗೆ ಆಗ ಹೊಳೆಯಿತು.

ಮೇಸ್ತ್ರಿ ಬಾಯಿ ತೆರೆದ. ನಾಲ್ಕು ದಿನದಿಂದ ಜಾಗ ಸಿಗದೆ ಕೂಡಿಟ್ಟ ಕೋಪವೆಲ್ಲ ಗಂಟಲಿಗೆ ಬಂದು ನಿಂತಿತ್ತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಬೈಯಲು ಅವನು ಕೈಯೆತ್ತಿದ. ಎತ್ತಿದ ಕೈ ಮೊಣಕೈವರೆಗೆ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು.

ಅವನು ಆ ಕೈಯನ್ನು ನೋಡಿದ. ಬಾಯಿ ಮುಚ್ಚಿದ.

"ನಾನೂ ಹಚ್ಚಿದೆ ಕಣೇ," ಅಂದ. "ಈಗ ತಾನೇ. ಮೂವತ್ತು ವರ್ಷದ ಮೇಸ್ತ್ರಿ. ನಿನಗೇನು ಹೇಳಲಿ?"

ನರ್ಸಮ್ಮ ಅವರಿಬ್ಬರನ್ನೂ ಪಕ್ಕಕ್ಕೆ ಸರಿಸಿದಳು. "ಬಿಸಿನೀರು ತನ್ನಿ, ಮೆತ್ತನೆ ಬಟ್ಟೆ ತನ್ನಿ. ಅಷ್ಟರಲ್ಲಿ ಮಗೂನ ಇನ್ನೊಮ್ಮೆ ತೂಗ್ತೀನಿ. ಮೇಸ್ತ್ರಿ, ನೀವು ಆ ಕಡೆ ತಿರುಗಿ."

ಮೇಸ್ತ್ರಿ ಹೊಸ್ತಿಲಲ್ಲಿ ಒಳಗೆ ಬೆನ್ನು ಹಾಕಿ ನಿಂತ. ಎದುರಿಗೆ ತಗಡಿನ ಗೋಡೆ, ಮೊಳೆಗೆ ನೇತುಹಾಕಿದ ಸ್ಪ್ಯಾನರುಗಳು. ಕಾಣುತ್ತಿದ್ದುದು ಅಷ್ಟೇ. ಮಿಕ್ಕದ್ದೆಲ್ಲ ಕಿವಿಗೆ. ಬಟ್ಟೆ ನೀರಲ್ಲಿ ಅದ್ದಿ ಹಿಂಡಿದ ಸದ್ದು. ಒರೆಸಿದ ಸದ್ದು. ಮಗಳು ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು.

"ಅವಸರ ಬೇಡ," ನರ್ಸಮ್ಮ ಹೇಳುತ್ತಿದ್ದಳು. "ಬಾಯಿ ಪೂರ್ತಿ ತೆಗೆಯೋವರೆಗೆ ಕಾಯಿ. ತುದಿ ಒಂದೇ ಸಾಲದು, ತುಂಬ ಒಳಗೆ ಹೋಗಬೇಕು. ಹಾಂ, ಈಗ. ಗಲ್ಲದ ಕೆಳಗೆ ಒಂದು ಬೆರಳು ಕೊಡು, ಸುಸ್ತಾಗಿದೆ ಅದಕ್ಕೆ, ದವಡೆ ನಿಲ್ಲಲ್ಲ."

ಚಿಟ್.

"ತೆಗಿ. ಮತ್ತೆ."

ಮೇಸ್ತ್ರಿ ಮುಷ್ಟಿ ಬಿಗಿದ.

ಚಿಟ್. ಆಮೇಲೆ ಏನೂ ಇಲ್ಲ.

ಏನೂ ಇಲ್ಲ. ಬೀದಿಯಲ್ಲಿ ಯಾರದೋ ಸೈಕಲ್ ಹೋಯಿತು. ಮೇಸ್ತ್ರಿ ಕಿವಿ ಕೊಟ್ಟಿದ್ದ. ಇಷ್ಟು ಗಟ್ಟಿಯಾದ ಮೌನವನ್ನು ಅವನು ಕೇಳಿರಲಿಲ್ಲ. ಅದು ಮಗು ಹಾಲು ಬಿಟ್ಟುಬಿಟ್ಟ ಮೌನವಲ್ಲ ಅಂತ ಅವನ ಕಿವಿಗೆ ತಿಳಿದಿತ್ತು. ಎಲ್ಲೋ ಅಂಚು ಕೂತಿತ್ತು. ಸುತ್ತಲೂ ಮುಚ್ಚಿತ್ತು. ಒಳಗೆ ಒಂದು ಖಾಲಿ ಹುಟ್ಟುತ್ತಿತ್ತು, ಅಡಿಕೆ ಹಿಡಿಯುವಷ್ಟು ಬಾಯಿಯ ಒಳಗೆ, ಹಲ್ಲಿಲ್ಲದ, ಮಾತಿಲ್ಲದ ಬಾಯಿಯ ಒಳಗೆ. ಆ ಖಾಲಿ ಎಳೆಯುತ್ತಿತ್ತು.

ಗುಳುಕ್.

ಅಷ್ಟು ಸಣ್ಣ ಸದ್ದು. ಎಲೆಯ ಮೇಲಿನ ಹನಿ ಇನ್ನೊಂದು ಎಲೆಗೆ ಬಿದ್ದರೂ ಅದಕ್ಕಿಂತ ಹೆಚ್ಚು ಸದ್ದಾಗುತ್ತದೆ. ಮೂರು ಎಳೆತ, ಒಂದು ಗುಟುಕು. ಒಂದು ಉಸಿರು. ಮತ್ತೆ ಮೂರು ಎಳೆತ, ಒಂದು ಗುಟುಕು. ಮೇಸ್ತ್ರಿ ತನ್ನ ಕೈಯಾರೆ ನೂರಾರು ಎಂಜಿನ್ ಜೋಡಿಸಿದ್ದ. ಒಂದೊಂದಕ್ಕೂ ಸರಿಯಾದ ಲಯ ಬರಿಸಲು ಗಂಟೆಗಟ್ಟಲೆ ಸ್ಕ್ರೂ ತಿರುಗಿಸಿದ್ದ. ಇಲ್ಲಿ ಯಾರೂ ಏನನ್ನೂ ತಿರುಗಿಸಿರಲಿಲ್ಲ. ನಾಲ್ಕು ದಿನ ಹಸಿದು, ಸೋತು, ಕಣ್ಣು ಬಿಡಲೂ ತ್ರಾಣವಿಲ್ಲದ ಜೀವ, ದಾರಿ ಸಿಕ್ಕ ಕ್ಷಣಕ್ಕೆ ಎಳೆಯುವುದು ಹೇಗೆ, ನುಂಗುವುದು ಹೇಗೆ, ನಡುವೆ ಉಸಿರಾಡುವುದು ಹೇಗೆ ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಮಾಡುತ್ತಿತ್ತು. ಅವನು ಹೊಸ್ತಿಲಲ್ಲೇ ಕುಕ್ಕರಿಸಿದ.

ಹನ್ನೆರಡು ನಿಮಿಷವಾದ ಮೇಲೆ ನರ್ಸಮ್ಮ ಮಗುವನ್ನು ಮತ್ತೆ ತೂಗಿದಳು. ಕುಡಿಸುವ ಮುಂಚೆ ತೂಗಿದ್ದಕ್ಕಿಂತ ಮೂವತ್ತು ಗ್ರಾಂ ಹೆಚ್ಚು.

"ಮೂವತ್ತು ಗ್ರಾಮಾ?" ಹೆಂಡತಿಯ ಮುಖ ಸಪ್ಪಗಾಯಿತು. "ಅಷ್ಟೇನಾ?"

"ಅಷ್ಟು ಹೊಟ್ಟೆಗೆ ಅಷ್ಟೇ ಊಟ ಕಣಮ್ಮ. ನೀವು ಉಣ್ಣೋ ತಟ್ಟೆ ಲೆಕ್ಕ ಹಾಕ್ಬೇಡಿ." ನರ್ಸಮ್ಮ ಮೊದಲ ಸಲ ನಕ್ಕಳು. ಆಮೇಲೆ ಗಂಭೀರಳಾದಳು. "ಹಾಸಿಗೆ ಬೇಡ ಅಂತ ಇನ್ನೂ ಹೇಳಿಲ್ಲ ನಾನು. ಮುಂದಿನ ಸಲಾನೂ ಹೀಗೇ ಕುಡೀಲಿ. ನನ್ನ ಕೈಯಿಲ್ಲದೆ, ಇವಳೊಬ್ಬಳೇ ಕುಡಿಸಲಿ. ಆಗ ಹೇಳ್ತೀನಿ. ಎಣ್ಣೆ ಡಬ್ಬಿ ಎಲ್ಲಿ?"

ಹೆಂಡತಿ ತಂದು ಕೊಟ್ಟಳು. ನರ್ಸಮ್ಮ ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಕಾಯುವ ಎರಡು ಗಂಟೆ ಮೇಸ್ತ್ರಿ ಸುಮ್ಮನೆ ಕೂರಲಿಲ್ಲ. ದಪ್ಪ ಪೈಪನ್ನು ಕಿತ್ತು ತೆಗೆದ. ಎಣ್ಣೆ ಕುಡಿದ ಆ ತುಂಡನ್ನು ಎಸೆದ, ಕೊಳವೆಯನ್ನು ಪೆಟ್ರೋಲಿನ ಬಟ್ಟೆಯಿಂದ ಮೂರು ಸಲ ಒರೆಸಿ ಒಣಗಿಸಿದ, ಬೇರೆ ತುಂಡು ಅಳೆದು ಕೊಯ್ದ. ಸಂದಿಗೆ ಕೈ ಹೋಗಲಿಲ್ಲ. ಅಡ್ಡವಿದ್ದ ಏರ್ ಫಿಲ್ಟರಿನ ಡಬ್ಬ ಬಿಚ್ಚಿಟ್ಟ. ಮೊದಲೇ ಬಿಚ್ಚಬೇಕಿತ್ತು, ಅರ್ಧ ಗಂಟೆ ಉಳಿಸಲು ಹೋಗಿ ಬಿಟ್ಟಿದ್ದ. ತಿರುವಿದ, ನಿಲ್ಲಿಸಿದ, ಮತ್ತೆ ತಿರುವಿದ. ಒಂದು ಬೈಗುಳವೂ ಬರಲಿಲ್ಲ. ಆ ಮೌನಕ್ಕೇ ಹೆದರಿ ಹೆಂಡತಿ ಎರಡು ಸಲ ಬಂದು ಇಣುಕಿ ಹೋದಳು. ಕೊನೆಗೆ ರಬ್ಬರು ಕೊಳವೆಯ ಏಣು ದಾಟಿ ಕಚ್ಚಿ ಕೂತಿತು. ಎಂಜಿನ್ ಹಚ್ಚಿ ಕಾಲು ಗಂಟೆ ಓಡಿಸಿದ, ಅಂಗಳದಲ್ಲಿ ಹತ್ತು ಸಲ ಹಿಂದೆ ಮುಂದೆ ಮಾಡಿ ಹತ್ತು ಸಲ ಬ್ರೇಕು ಒತ್ತಿದ. ಹತ್ತು ಸಲವೂ ಕಾರು ಹೇಳಿದ ಕಡೆ ನಿಂತಿತು.

ಐದು ಗಂಟೆಗೆ ಮಗು ಎದ್ದಿತು. ಈ ಸಲ ಎದ್ದದ್ದು ಕುಂಯ್ ಅಂತಲ್ಲ. ತಗಡು ಅದುರುವ ಹಾಗೆ ಒಂದು ಕೂಗು. ನರ್ಸಮ್ಮ ಕೈ ಕಟ್ಟಿ ಗೋಡೆಗೆ ಒರಗಿ ನಿಂತಳು. ಹೆಂಡತಿ ತುಟಿ ಕಚ್ಚಿ ನಿಂತಳು. ಮಗಳು ಒಬ್ಬಳೇ ಮಗುವನ್ನು ತಿರುಗಿಸಿಕೊಂಡಳು, ಬಾಯಿ ತೆಗೆಯುವವರೆಗೆ ಕಾದಳು. ಹೊಸ್ತಿಲಲ್ಲಿ ಬೆನ್ನು ಹಾಕಿ ಕೂತಿದ್ದ ಮೇಸ್ತ್ರಿ ಕಣ್ಣು ಮುಚ್ಚಿದ.

ಮೊದಲ ಗುಟುಕು ಕೇಳಿತು. ಎರಡನೆಯದು ಕೇಳಿತು. ಆಮೇಲೆ ಎಣಿಸುವುದನ್ನು ಬಿಟ್ಟ.

ನರ್ಸಮ್ಮ ಫೋನ್ ಹಚ್ಚಿದಳು. "ಆ ಹಾಸಿಗೆ ಬೇರೆ ಯಾರಿಗಾದ್ರೂ ಕೊಡಿ," ಅಂದಳು. ಬ್ಯಾಗು ಎತ್ತಿಕೊಂಡು, ನಾಳೆ ಬೆಳಿಗ್ಗೆ ಬಂದು ತೂಗುತ್ತೇನೆ ಅಂತ ಹೇಳಿ ಹೊರಟಳು. ಕಾರು ತಿರುವು ದಾಟುವವರೆಗೆ ಒಂದೇ ಸಮನೆ ಕೇಳುತ್ತಿತ್ತು.

ಮೇಸ್ತ್ರಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಒಳಗೆ ಬಂದ. ಮಗಳು ನಿದ್ದೆ ಹೋಗಿದ್ದಳು. ಮಗು ಅವಳ ಪಕ್ಕದಲ್ಲಿ ಮಲಗಿತ್ತು, ಮುಷ್ಟಿ ಬಿಚ್ಚಿಕೊಂಡು. ತುಟಿಯ ಅಂಚಿನಲ್ಲಿ ಒಂದು ಹನಿ ಹಾಲು. ಹೊಟ್ಟೆ ತುಂಬಿತ್ತು, ಬಾಯಲ್ಲಿ ಏನೂ ಇರಲಿಲ್ಲ, ಆದರೂ ಕೆಳದವಡೆ ಮೆಲ್ಲಗೆ ಆಡುತ್ತಿತ್ತು. ನಿದ್ದೆಯಲ್ಲೂ ಎಳೆಯುತ್ತಿತ್ತು.

"ಇದಕ್ಕೆ ಯಾರೇ ಹೇಳಿಕೊಟ್ಟದ್ದು?" ಮೇಸ್ತ್ರಿ ಪಿಸುಗುಟ್ಟಿದ.

"ಯಾರು ಹೇಳಿಕೊಡ್ತಾರೆ?" ಅಂದಳು ಹೆಂಡತಿ, ಅಷ್ಟೇ ಮೆಲ್ಲಗೆ. "ಬರುವಾಗಲೇ ಕಲಿತುಬಂದಿರುತ್ತೆ."

"ಎಲ್ಲಿ ಕಲಿತು?"

ಅವಳು ಮಗುವಿನ ಹೊದಿಕೆ ಸರಿಮಾಡಿದಳು. ಒಂದು ಮಣೆ ತಂದು ಮಂಚದ ಪಕ್ಕ ಹಾಕಿದಳು. ಅವನು ಕೂತ. ಅವಳೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಬ್ಬರೂ ಆ ಬಾಯಿಯನ್ನೇ ನೋಡುತ್ತಿದ್ದರು.